ಟಾರ್ಟ್ ಪ್ಯಾನ್ ಕೊಳ್ಳುವ ಮೊದಲು ಓವನ್ ಅಳೆಯಿರಿ: ಮನೆಯಲ್ಲಿ ಬೇಕ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಟಾರ್ಟ್ ಅಂದರೆ ಗರಿಗರಿ ಹಿಟ್ಟಿನ ಚಿಪ್ಪಿನಲ್ಲಿ ಹೂರಣ ತುಂಬಿದ, ಮೇಲೆ ತೆರೆದ ತಿನಿಸು. ಅದನ್ನು ಮಾಡಲು ಟಾರ್ಟ್ ಪ್ಯಾನ್ ಬೇಕು ಅಂತ ಆನ್‌ಲೈನ್‌ನಲ್ಲಿ ಹುಡುಕಿದರೆ ಪೈ ಡಿಶ್, ಕ್ವಿಶ್ ಪ್ಯಾನ್, ಪಿಜ್ಜಾ ತಟ್ಟೆ, ಕೇಕ್ ಟಿನ್ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಫೋಟೊದಲ್ಲಿ ಎಲ್ಲವೂ ಚೆಂದವೇ. ರೆಸಿಪಿಯಲ್ಲಿ 9 ಇಂಚು ಅಂತ ಇದೆ, ಇಲ್ಲೂ 9 ಇಂಚು ಅಂತ ಇದೆ, ಸಾಕು ಅಂತ ತರಿಸಿಬಿಡುತ್ತೇವೆ. ಆಮೇಲೆ ನೋಡಿದರೆ ಅದು ಓವನ್ ಬಾಗಿಲಿಗೆ ತಗಲುತ್ತದೆ, ಇಲ್ಲವೇ ತಳ ಹಸಿಯಾಗಿ ಬೆಳ್ಳಗೇ ಉಳಿಯುತ್ತದೆ, ಇಲ್ಲವೇ ಇಷ್ಟು ಕಷ್ಟಪಟ್ಟು ಮಾಡಿದ ಟಾರ್ಟ್ ಪ್ಯಾನಿನಿಂದ ಹೊರಗೇ ಬರುವುದಿಲ್ಲ. ನನಗೆ ಟಾರ್ಟ್ ಬರುವುದಿಲ್ಲ ಬಿಡಿ ಅಂತ ಕೈಬಿಟ್ಟವರನ್ನು ತುಂಬ ನೋಡಿದ್ದೇನೆ. ಅವರ ಕೈಯಲ್ಲಿ ಏನೂ ದೋಷ ಇರಲಿಲ್ಲ. ಪ್ಯಾನ್ ಆ ಓವನ್‌ಗೆ ಸರಿಹೊಂದುತ್ತಿರಲಿಲ್ಲ, ಅಷ್ಟೇ.

ಹಾಗಾಗಿ ನಾನು ಹೇಳುವುದು ಒಂದೇ. ಪ್ಯಾನನ್ನು ರೆಸಿಪಿ ನೋಡಿ ಆರಿಸಬೇಡಿ, ನಿಮ್ಮ ಓವನ್ ನೋಡಿ ಆರಿಸಿ. ರೆಸಿಪಿಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಓವನ್ ಹಾಗಲ್ಲ.

ಮೊದಲಿಗೆ, ಟಾರ್ಟ್ ಪ್ಯಾನ್ ಅಂದರೆ ಯಾವುದು

ಸುಮಾರು 1 ಇಂಚು, ಅಂದರೆ 2.5 ಸೆಂ.ಮೀ. ಎತ್ತರದ ಅಂಚು. ಆ ಅಂಚು ನೇರವಾಗಿ ನಿಂತಿರುತ್ತದೆ, ಹೆಚ್ಚಾಗಿ ಸೀರೆ ನಿರಿಗೆಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ತಳ ಬೇರೆ, ಅಂಚಿನ ಬಳೆ ಬೇರೆ. ತಳವನ್ನು ಕೆಳಗಿನಿಂದ ತಳ್ಳಿದರೆ ಮೇಲಕ್ಕೆ ಬಂದುಬಿಡುತ್ತದೆ. ಈ ಬಿಚ್ಚುವ ತಳವೇ ಟಾರ್ಟ್ ಪ್ಯಾನಿನ ಜೀವ. ಟಾರ್ಟನ್ನು ಪ್ಯಾನಿನಿಂದ ಹೊರಗೆ ತೆಗೆದು ತಟ್ಟೆಯಲ್ಲಿಟ್ಟು ಬಡಿಸುತ್ತೇವೆ, ಪೈ ಹಾಗಲ್ಲ. ಪೈ ಡಿಶ್‌ನ ಅಂಚು ಹೊರಕ್ಕೆ ಓರೆಯಾಗಿರುತ್ತದೆ, ತಳ ಬಿಚ್ಚುವುದಿಲ್ಲ, ಡಿಶ್‌ನಲ್ಲೇ ಕತ್ತರಿಸಿ ಬಡಿಸುತ್ತಾರೆ. ಕ್ವಿಶ್ (ಮೊಟ್ಟೆ, ಕ್ರೀಮ್ ಹಾಕಿದ, ಸಿಹಿಯಲ್ಲದ ಟಾರ್ಟ್) ಮಾಡುವ ಪ್ಯಾನ್ ನೋಡಲು ಟಾರ್ಟ್ ಪ್ಯಾನಿನ ಹಾಗೇ ಇರುತ್ತದೆ, ಆದರೆ ಆಳ ಜಾಸ್ತಿ, ಹಲವು ಸಲ 2 ಇಂಚು ಇರುತ್ತದೆ. ಅದರಲ್ಲಿ ನಿಂಬೆ ಟಾರ್ಟ್ ಮಾಡಲು ಹೋದರೆ ಅರ್ಧಕ್ಕೇ ಹೂರಣ ಮುಗಿದು, ಸುತ್ತಲೂ ಗೋಡೆ ಮಾತ್ರ ಎತ್ತರಕ್ಕೆ ನಿಂತಿರುತ್ತದೆ.

ಒಂದು ಅಪವಾದ ಇದೆ. ಫ್ರಾನ್ಸಿನ ಲಾಮೊತ್-ಬೊವ್ರೊನ್ ಊರಿನ ತಾತಾಂ ಅಕ್ಕತಂಗಿಯರ ಹೋಟೆಲಿನಿಂದ ಹೆಸರು ಪಡೆದ ತಾರ್ತ್ ತಾತಾಂಗೆ ಬಿಚ್ಚುವ ತಳದ ಪ್ಯಾನ್ ಬೇಡವೇ ಬೇಡ. ಅದರಲ್ಲಿ ಸೇಬು, ಬೆಣ್ಣೆ, ಸಕ್ಕರೆಪಾಕ ಕೆಳಗಿರುತ್ತದೆ, ಹಿಟ್ಟು ಮೇಲಿರುತ್ತದೆ, ಬೆಂದ ಮೇಲೆ ಮಗುಚಿ ಹಾಕಬೇಕು. ಬಿಚ್ಚುವ ತಳದ ಪ್ಯಾನ್ ಆದರೆ ಸಂದಿನಿಂದ ಪಾಕವೆಲ್ಲ ಸೋರಿ ಓವನ್‌ನ ರಾಡ್ ಮೇಲೆ ಬಿದ್ದು ಹೊಗೆ ಬರುತ್ತದೆ. ಅದಕ್ಕೆ ಒಲೆಗೂ ಓವನ್‌ಗೂ ಆಗುವ, ಮರ ಅಥವಾ ಪ್ಲಾಸ್ಟಿಕ್ ಹಿಡಿ ಇಲ್ಲದ ದಪ್ಪ ತಳದ ಬಾಣಲೆ ಸಾಕು.

ಹೆಜ್ಜೆ 1: ಓವನ್ ಒಳಗೆ ಟೇಪ್ ಹಿಡಿಯಿರಿ

ಓಟಿಜಿ (ಅಡುಗೆ ಕಟ್ಟೆಯ ಮೇಲಿಡುವ ಸಣ್ಣ ವಿದ್ಯುತ್ ಓವನ್) ಡಬ್ಬದ ಮೇಲಿರುವ ಲೀಟರ್ ಲೆಕ್ಕ ಪ್ಯಾನ್ ಆರಿಸಲು ಉಪಯೋಗಕ್ಕೆ ಬರುವುದಿಲ್ಲ. ಅಷ್ಟೇ ಲೀಟರ್‌ನ ಒಂದು ಓವನ್ ಅಗಲವಾಗಿರುತ್ತದೆ, ಇನ್ನೊಂದು ಎತ್ತರವಾಗಿರುತ್ತದೆ. ಜಾಲರಿ ತಟ್ಟೆಯನ್ನು ಹೊರಗೆ ತೆಗೆದು ಅದರ ಅಗಲ, ಮುಂದಿನಿಂದ ಹಿಂದಿನವರೆಗಿನ ಉದ್ದ ಎರಡನ್ನೂ ಅಳೆಯಿರಿ. ಓಟಿಜಿಗಳಲ್ಲಿ ಸಾಮಾನ್ಯವಾಗಿ ಮುಂದಿನಿಂದ ಹಿಂದಿನ ಅಳತೆಯೇ ಕಡಿಮೆ. ನಿಮ್ಮನ್ನು ತಡೆಯುವುದು ಅದೇ. ಎರಡರಲ್ಲಿ ಚಿಕ್ಕದನ್ನು ತೆಗೆದುಕೊಂಡು 2 ಇಂಚು ಕಳೆಯಿರಿ, ಪ್ರತಿ ಬದಿಗೆ 1 ಇಂಚು ಜಾಗ ಬಿಟ್ಟ ಹಾಗಾಯಿತು. ಉಳಿದದ್ದು ನಿಮ್ಮ ಪ್ಯಾನಿನ ಗರಿಷ್ಠ ಹೊರ ಅಳತೆ. ಬಿಸಿಗಾಳಿ ಸುತ್ತಲೂ ಓಡಾಡಲು ಆ ಜಾಗ ಬೇಕೇ ಬೇಕು, ಇಲ್ಲದಿದ್ದರೆ ಗಾಜಿನ ಬಾಗಿಲಿನ ಕಡೆ ಬೆಳ್ಳಗೆ, ಹಿಂದಿನ ಗೋಡೆಯ ಕಡೆ ಕರಕಲು ಆಗುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡು ಪ್ಯಾನ್ ಎತ್ತಲೂ ಜಾಗ ಬೇಕಲ್ವಾ?

ಉದಾಹರಣೆಗೆ ಚಿಕ್ಕ ಅಳತೆ 10 ಇಂಚು ಬಂತು ಅಂದುಕೊಳ್ಳಿ. 8 ಇಂಚಿನ ಪ್ಯಾನೇ ಸರಿ, 9ಕ್ಕೆ ಆಸೆಪಡಬೇಡಿ. 12 ಇಂಚು ಇದ್ದರೆ 9 ಇಂಚು ಆರಾಮಾಗಿ ಕೂರುತ್ತದೆ.

ಕನ್ವೆಕ್ಷನ್ ಮೈಕ್ರೊವೇವ್, ಅಂದರೆ ಬಿಸಿಗಾಳಿಯಲ್ಲಿ ಬೇಕ್ ಮಾಡಲೂ ಆಗುವ ಮೈಕ್ರೊವೇವ್ ಇರುವವರು ಒಳಗೆ ತಿರುಗುವ ಗಾಜಿನ ತಟ್ಟೆಯನ್ನು ಅಳೆಯಬೇಕು. ಪ್ಯಾನ್ ಆ ತಟ್ಟೆಗಿಂತ ದೊಡ್ಡದಾಗಿರಬಾರದು, ತಿರುಗುವಾಗ ಗೋಡೆಗೆ ತಗಲುತ್ತದೆ. ಲೋಹದ ಪ್ಯಾನ್ ಕನ್ವೆಕ್ಷನ್ ಮೋಡ್‌ನಲ್ಲಿ ಮಾತ್ರ. ಮೈಕ್ರೊ ಮೋಡ್‌ನಲ್ಲಿ ಬೇಡ, ಎರಡೂ ಸೇರಿದ ಕಾಂಬಿ ಮೋಡ್‌ನಲ್ಲೂ ಬೇಡ. ಜೊತೆಗೆ ಬರುವ ಕಬ್ಬಿಣದ ಸ್ಟ್ಯಾಂಡ್ ಮೇಲಿಟ್ಟರೆ ತಳಕ್ಕೂ ಗಾಳಿ ತಗಲುತ್ತದೆ, ಬರೀ ಗಾಜಿನ ತಟ್ಟೆ ಮೇಲಿಟ್ಟರೆ ತಳ ಬೇಯುವುದೇ ಕಷ್ಟ. ಏರ್ ಫ್ರೈಯರ್‌ನಲ್ಲಿ ಮಾಡುವವರೂ ಬುಟ್ಟಿಯ ತಳ ಅಳೆಯಿರಿ, ಮೇಲಿನ ಬಾಯಿಯನ್ನಲ್ಲ.

ಹೆಜ್ಜೆ 2: ಸೈಜ್ ಮತ್ತು ಅದರ ಲೆಕ್ಕ

ಸಾಮಾನ್ಯ ಟಾರ್ಟ್ ರೆಸಿಪಿಗಳೆಲ್ಲ 9 ಇಂಚಿಗೆ, ಅಂದರೆ 23 ಸೆಂ.ಮೀ.ಗೆ ಬರೆದಿರುತ್ತವೆ. ಅಮೆರಿಕದಲ್ಲಿ ಎಷ್ಟೋ ಪ್ಯಾನ್‌ಗಳು 9.5 ಇಂಚು ಇರುತ್ತವೆ, ಆ ಅರ್ಧ ಇಂಚಿಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಪೂರ್ತಿ ಒಂದು ಇಂಚಿನ ವ್ಯತ್ಯಾಸ ಕಡಿಮೆಯೇನಲ್ಲ. 8 ಇಂಚಿಗಿಂತ 9 ಇಂಚಿನ ಪ್ಯಾನ್ ಶೇ 27ರಷ್ಟು ದೊಡ್ಡದು, ಯಾಕೆಂದರೆ ವೃತ್ತದ ವಿಸ್ತೀರ್ಣ ಅಡ್ಡಳತೆಯ ವರ್ಗದ ಲೆಕ್ಕದಲ್ಲಿ ಏರುತ್ತದೆ: 64 ಎಲ್ಲಿ, 81 ಎಲ್ಲಿ. ಹಾಗಾಗಿ 9 ಇಂಚಿನ ರೆಸಿಪಿಯನ್ನು 8 ಇಂಚಿನಲ್ಲಿ ಮಾಡುವಾಗ ಎಲ್ಲವನ್ನೂ ಐದರಲ್ಲಿ ನಾಲ್ಕು ಭಾಗ ಹಾಕಿ, ಸರಿಹೋಗುತ್ತದೆ. ಮೊದಲೇ ಹೇಳಿದೆನಲ್ಲ, ರೆಸಿಪಿ ಬಗ್ಗುತ್ತದೆ.

4 ಇಂಚಿನ ಮಿನಿ ಪ್ಯಾನ್‌ಗಳು ಚೆಂದ, ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಕೊಡಬಹುದು. ಒಂದು 9 ಇಂಚಿನ ಟಾರ್ಟಿನ ಹೂರಣ ಸುಮಾರು 5ರಿಂದ 6 ಮಿನಿಗಳಿಗೆ ಸಾಕು. ಆದರೆ ಹಿಟ್ಟು ಕೂರಿಸುವ ಕೆಲಸ ಆರು ಪಟ್ಟು. ನಮ್ಮ ಸೆಕೆಗೆ ಆರನೇ ಪ್ಯಾನಿಗೆ ಬರುವ ಹೊತ್ತಿಗೆ ಮೊದಲನೆಯದರ ಬೆಣ್ಣೆ ಕರಗಲು ಶುರುವಾಗಿರುತ್ತದೆ. ಮೊದಲ ಪ್ಯಾನ್ ಅಂತ ಮಿನಿ ಸೆಟ್ ತೆಗೆದುಕೊಳ್ಳಬೇಡಿ. ಸುಮಾರು 35 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲದ ಆಯತದ ಪ್ಯಾನಿಗೆ 9 ಇಂಚಿನ ರೆಸಿಪಿಯೇ ಹೆಚ್ಚುಕಡಿಮೆ ಸರಿಹೋಗುತ್ತದೆ, ಕತ್ತರಿಸಲೂ ಸುಲಭ. ಸಣ್ಣ ಓಟಿಜಿಗೆ ಮಾತ್ರ ಅದು ಹಿಡಿಸುವುದಿಲ್ಲ.

ಮಾರುವವರು ಕೊಡುವ ಅಳತೆಯನ್ನು ಪೂರ್ತಿ ನಂಬಬೇಡಿ. ಕೆಲವರು ಅಂಚಿನ ಹೊರತುದಿಯಿಂದ ಅಳೆಯುತ್ತಾರೆ, ಕೆಲವರು ತಳದ ತಟ್ಟೆಯನ್ನು. ಎರಡಕ್ಕೂ ಅರ್ಧದಿಂದ ಒಂದು ಇಂಚು ವ್ಯತ್ಯಾಸ ಬರುತ್ತದೆ. ಗ್ರಾಹಕರು ಹಾಕಿದ ಫೋಟೊಗಳಲ್ಲಿ ಸ್ಕೇಲ್ ಇಟ್ಟು ತೆಗೆದದ್ದು ಸಿಕ್ಕರೆ ಅದನ್ನೇ ನಂಬಿ. ಮನೆಗೆ ಬಂದ ಮೇಲೆ ಪ್ಯಾನ್ ಎಷ್ಟು ಹಿಡಿಯುತ್ತದೆ ಅಂತ ನೋಡಲು ನೀರು ಹಾಕಬೇಡಿ, ಸೋರುತ್ತದೆ. ಅಕ್ಕಿಯೋ ರವೆಯೋ ಅಂಚಿನವರೆಗೆ ತುಂಬಿ, ಅದನ್ನೇ ಅಳತೆ ಜಗ್ಗಿಗೆ ಸುರಿದು ನೋಡಿ. 23 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರದ್ದಾದರೆ ಸುಮಾರು ಒಂದು ಲೀಟರ್ ಬರಬೇಕು. 20 ಸೆಂ.ಮೀ.ನದ್ದಾದರೆ ಮುಕ್ಕಾಲು ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಹಿಟ್ಟು ಒಂದಿಷ್ಟು ಜಾಗ ತಿನ್ನುವುದರಿಂದ ಹೂರಣ ಇದಕ್ಕಿಂತ ಕಡಿಮೆಯೇ ಹಿಡಿಯುತ್ತದೆ.

ಹೆಜ್ಜೆ 3: ಯಾವ ಲೋಹ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ತಳ ಗರಿಗರಿಯಾಗುವುದೋ ಇಲ್ಲವೋ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಕಲಾಯಿ ಹಾಕಿದ ಸ್ಟೀಲ್, ಅಂದರೆ ತವರದ ಲೇಪ ಇರುವ ತೆಳು ಉಕ್ಕು. ಫ್ರಾನ್ಸಿನ ಗೋಬೆಲ್, ಮ್ಯಾಟ್ಫರ್‌ನಂಥ ಹಳೆಯ ಕಂಪನಿಗಳು ಇದನ್ನು ಮಾಡುತ್ತವೆ. ಬೇಗ ಬಿಸಿಯಾಗುತ್ತದೆ, ನಿರಿಗೆ ಚೂಪಾಗಿ ಬರುತ್ತದೆ, ಕಟ್ಟು ಗಟ್ಟಿ. ಎರಡು ವಿಷಯ ನೆನಪಿಡಿ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ, ಹಾಗಾಗಿ ಓಟಿಜಿಯನ್ನು 230, 250ಕ್ಕೆ ತಿರುಗಿಸಿ ಇದನ್ನು ಒಳಗಿಡಬಾರದು. ಟಾರ್ಟ್‌ಗಳು ಹೆಚ್ಚಾಗಿ 170ರಿಂದ 190ರಲ್ಲೇ ಬೇಯುವುದರಿಂದ ಇದು ದೊಡ್ಡ ತೊಂದರೆಯಲ್ಲ. ಎರಡನೆಯದು ತುಕ್ಕು. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ಇದನ್ನು ಒದ್ದೆಯಾಗಿ ಇಟ್ಟರೆ ನಿರಿಗೆಯ ಮಡಿಕೆಗಳಲ್ಲಿ ಬೇಗ ತುಕ್ಕು ಬರುತ್ತದೆ.

ಅಲ್ಯೂಮಿನಿಯಂ. ಇಲ್ಲಿ ಸುಲಭವಾಗಿ ಸಿಗುವುದು, ಕೆಲವು ನೂರು ರೂಪಾಯಿಗೆ ಆಗಿಹೋಗುತ್ತದೆ. ಶಾಖವನ್ನು ಎಲ್ಲಕ್ಕಿಂತ ಸಮವಾಗಿ ಹರಡುತ್ತದೆ, ತುಕ್ಕು ಹಿಡಿಯುವುದಿಲ್ಲ. ತೆಳು ತಗಡಿನದ್ದಾದರೆ ಸೊಟ್ಟಗಾಗುತ್ತದೆ, ಅದೊಂದು ನೋಡಿಕೊಳ್ಳಿ. ನಿಂಬೆ, ಹುಣಸೆ, ಟೊಮೆಟೊದಂಥ ಹುಳಿ ನೇರವಾಗಿ ತಗಲಿದರೆ ಲೋಹದ ರುಚಿ ಬರುತ್ತದೆ, ಆದರೆ ಟಾರ್ಟಿನಲ್ಲಿ ನಡುವೆ ಹಿಟ್ಟಿನ ಪದರ ಇರುತ್ತದಲ್ಲ, ಸೋರದಿದ್ದರೆ ಚಿಂತೆ ಇಲ್ಲ. ಆನೊಡೈಸ್ ಮಾಡಿದ್ದು, ಅಂದರೆ ಮೇಲ್ಮೈಗೆ ಗಟ್ಟಿ ಪದರ ಬರಿಸಿದ್ದು ಸಿಕ್ಕರೆ ಆ ಭಯವೂ ಇರುವುದಿಲ್ಲ, ಫ್ಯಾಟ್ ಡ್ಯಾಡಿಯೋಸ್ ಕಂಪನಿಯ ಪ್ಯಾನ್ ಅಂಥದ್ದು.

ಕಪ್ಪು ನಾನ್‌ಸ್ಟಿಕ್ ಲೇಪದ ಕಾರ್ಬನ್ ಸ್ಟೀಲ್. ಅಂಗಡಿಗಳಲ್ಲಿ ಅತಿ ಹೆಚ್ಚು ಕಣ್ಣಿಗೆ ಬೀಳುವುದು ಇದೇ. ಕೆಟ್ಟದ್ದಲ್ಲ, ಬಿಡಿಸುವುದು ಸುಲಭ. ಆದರೆ ಕಪ್ಪು ಬಣ್ಣ ರಾಡ್‌ನ ಶಾಖವನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಓಟಿಜಿಯಲ್ಲಿ ರಾಡ್ ಮತ್ತು ಪ್ಯಾನಿನ ನಡುವೆ ಅಂತರ ಕಡಿಮೆ, ಹಾಗಾಗಿ ಹೂರಣ ಗಟ್ಟಿಯಾಗುವ ಮೊದಲೇ ಅಂಚು ಕಂದಿಹೋಗುತ್ತದೆ. ಇದೇ ಇದ್ದರೆ ರೆಸಿಪಿಗಿಂತ 10ರಿಂದ 15 ಡಿಗ್ರಿ ಕಡಿಮೆ ಇಡಿ. ಪ್ಯಾನಿನಲ್ಲೇ ಚಾಕು ಹಾಕಿ ಕತ್ತರಿಸಬೇಡಿ.

ಗಾಜು, ಪಿಂಗಾಣಿ ಇವುಗಳ ಬಗ್ಗೆ ನನ್ನ ಅಭಿಪ್ರಾಯ ಖಂಡಿತ: ಟಾರ್ಟಿಗೆ ಬೇಡ. ಬೊರೊಸಿಲ್ ಗಾಜಿನ ಪೈ ಡಿಶ್ ಎಷ್ಟೋ ಮನೆಗಳಲ್ಲಿದೆ, ಪೈಗೆ, ಪುಡ್ಡಿಂಗಿಗೆ ಒಳ್ಳೆಯದೇ. ಆದರೆ ಟಾರ್ಟಿನ ಹಿಟ್ಟನ್ನು ಪ್ಯಾನಿನಲ್ಲಿ ಕೂರಿಸಿ ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ಹಾಗೇ ಬಿಸಿ ಓವನ್‌ಗೆ ಹಾಕಬೇಕು. ಆ ಕೆಲಸವನ್ನು ಗಾಜಿನಿಂದ ಮಾಡಿಸುವುದು ಅಪಾಯ, ಸೀಳಬಹುದು. ಪಿಂಗಾಣಿ ಬಿಸಿಯಾಗುವುದೇ ನಿಧಾನ, ಅಷ್ಟರಲ್ಲಿ ಬೆಣ್ಣೆ ಕರಗಿ ಗೋಡೆ ಜಾರಿ ಕೆಳಗೆ ಬಂದಿರುತ್ತದೆ. ಸಿಲಿಕೋನ್ ಇನ್ನೂ ಬೇಡ. ಎತ್ತಿದರೆ ಬಳುಕುತ್ತದೆ, ಹಿಟ್ಟು ಬಿರುಕು ಬಿಡುತ್ತದೆ, ತಳ ಕೆಂಪಾಗುವುದಿಲ್ಲ.

ತೂತು ತೂತಿನ ಫ್ರೆಂಚ್ ಬಳೆಗಳು, ಅಂದರೆ ತಳವೇ ಇಲ್ಲದೆ ಟ್ರೇ ಮೇಲಿಟ್ಟು ಮಾಡುವಂಥವು, ಪೇಸ್ಟ್ರಿ ಅಂಗಡಿಗಳ ಹಾಗೆ ನೇರ ಗೋಡೆಯ ಟಾರ್ಟ್ ಬೇಕೆಂದವರಿಗೆ. ತೂತುಗಳಿಂದ ಹಬೆ ಹೊರಗೆ ಹೋಗುವುದರಿಂದ ಗೋಡೆ ಬಲು ಗರಿಗರಿ. ಆದರೆ ಹಿಟ್ಟು ತೀರಾ ತಣ್ಣಗಿರಬೇಕು, ಕೈ ಪಳಗಿರಬೇಕು. ಎರಡನೇ ಪ್ಯಾನ್ ಆಗಿ ತೆಗೆದುಕೊಳ್ಳಿ.

ಒಟ್ಟಿನಲ್ಲಿ ಮೊದಲ ಪ್ಯಾನ್ ಅಂದರೆ ತಿಳಿ ಬಣ್ಣದ ಲೋಹ, ಬಿಚ್ಚುವ ತಳ. ಬೆಂಗಳೂರಿನ ಹವೆಯಲ್ಲಿ ಕಲಾಯಿ ಸ್ಟೀಲ್ ಆರಾಮ, ಕರಾವಳಿಯಲ್ಲಿ ಸ್ವಲ್ಪ ದಪ್ಪ ಅಲ್ಯೂಮಿನಿಯಂ ವಾಸಿ.

ಹೆಜ್ಜೆ 4: ಎಲ್ಲಿ ಹುಡುಕುವುದು

ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅವಕಾಶ ಇದ್ದರೆ ಅದಕ್ಕೇ ಹೋಗಿ. ಬೇಕಿಂಗ್ ಸಾಮಾನು ಮಾತ್ರ ಮಾರುವ ಅಂಗಡಿಗಳು ಈಗ ದೊಡ್ಡ ಊರುಗಳಲ್ಲೆಲ್ಲ ಇವೆ. ಚಾಕೊಲೇಟ್ ಕಾಂಪೌಂಡ್, ಕೇಕ್ ಬೋರ್ಡ್ ಎಲ್ಲಿ ಸಿಗುತ್ತದೋ ಅಲ್ಲೇ ಇದೂ ಸಿಗುತ್ತದೆ. ನಿಮ್ಮೂರಲ್ಲಿ ಅಂಥದ್ದು ಗೊತ್ತಿಲ್ಲದಿದ್ದರೆ ಮನೆಯಲ್ಲೇ ಕೇಕ್ ಮಾಡಿ ಮಾರುವ ಯಾರನ್ನಾದರೂ ಕೇಳಿ, ಅವರಿಗೆ ಅಂಗಡಿ ಗೊತ್ತಿರುತ್ತದೆ. ಬೆಂಗಳೂರಿನ ಚಿಕ್ಕಪೇಟೆಯ ಕಡೆ ಪಾತ್ರೆ ಅಂಗಡಿಗಳಲ್ಲೂ ವಿಚಾರಿಸಬಹುದು, ಆದರೆ ಬರೀ ಟಾರ್ಟ್ ಪ್ಯಾನ್ ಅಂತ ಕೇಳಿದರೆ ಕೆಲವರಿಗೆ ಹೊಳೆಯುವುದಿಲ್ಲ. "ಅಣ್ಣಾ, ಬೇಕರಿ ಮೋಲ್ಡ್ ಕೊಡಿ, ನಿರಿಗೆ ಅಂಚು, ತಳ ಬಿಚ್ಚೋದು" ಅಂತ ಫೋಟೊ ತೋರಿಸಿ ಕೇಳಿ, ಒಳಗಿನ ಅಟ್ಟದಿಂದ ತಂದುಕೊಡುತ್ತಾರೆ.

ಆನ್‌ಲೈನ್‌ನಲ್ಲಾದರೆ ಬರೀ ಟಾರ್ಟ್ ಪ್ಯಾನ್ ಅಂತ ಹಾಕದೆ ಜೊತೆಗೆ 'ರಿಮೂವಬಲ್ ಬಾಟಮ್' ಅಥವಾ 'ಲೂಸ್ ಬಾಟಮ್' ಅಂತಲೂ ಸೇರಿಸಿ. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿರುವವರು 'ಫ್ಲಾನ್ ಟಿನ್' ಅಂತಲೂ ಹುಡುಕಿ, ಅಲ್ಲಿ ಇದೇ ಪ್ಯಾನಿಗೆ ಆ ಹೆಸರೂ ನಡೆಯುತ್ತದೆ. ಎತ್ತರ ಎಷ್ಟು ಅಂತ ಬರೆದಿಲ್ಲದ ಪ್ಯಾನನ್ನು ತರಿಸಬೇಡಿ. ವಾಪಸ್ ಕೊಡುವ ಅವಕಾಶ ಇದೆಯೇ ಅಂತ ನೋಡಿಯೇ ಒತ್ತಿ. ಇಲ್ಲಿಗೆ ತರಿಸುವ ಫ್ರೆಂಚ್ ಪ್ಯಾನ್‌ಗಳು ಸಾವಿರಗಳ ಲೆಕ್ಕಕ್ಕೆ ಹೋಗುತ್ತವೆ. ಹೊರದೇಶದಿಂದ ಯಾರಾದರೂ ಬರುವವರಿದ್ದರೆ ಹೇಳಿ ತರಿಸಿಕೊಳ್ಳಿ, ಇದು ಹಗುರ, ಬಟ್ಟೆಗಳ ನಡುವೆ ಕೂರುತ್ತದೆ.

ಹೆಜ್ಜೆ 5: ಕೈಗೆ ಬಂದ ಪ್ಯಾನನ್ನು ಪರೀಕ್ಷಿಸುವುದು

ಅಂಗಡಿಯಲ್ಲಾಗಲಿ, ಮನೆಗೆ ಬಂದ ಪಾರ್ಸಲ್ ಆಗಲಿ, ಇದಕ್ಕೆ ಎರಡು ನಿಮಿಷ ಕೊಡಿ.

ತಳದ ತಟ್ಟೆಯನ್ನು ಬಿಚ್ಚಿ ಗ್ರಾನೈಟ್ ಕಟ್ಟೆಯ ಮೇಲಿಡಿ. ಒಂದು ಬದಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಇನ್ನೊಂದು ಬದಿ ಏಳಬಾರದು. ಆಮೇಲೆ ನಟ್ಟನಡುವೆ ಒತ್ತಿ. ಟಕ್ ಅಂತ ಒಳಕ್ಕೆ ಹೋಗಿ ಮತ್ತೆ ಟಕ್ ಅಂತ ಹೊರಗೆ ಬಂದರೆ ತಗಡು ತೆಳು. ಬಿಸಿ ಓವನ್‌ನಲ್ಲೂ ಅದು ಹೀಗೇ ಉಬ್ಬುತ್ತದೆ, ಮೇಲಿರುವ ಕಸ್ಟರ್ಡ್ ಒಂದು ಬದಿಗೆ ವಾಲುತ್ತದೆ. ಅಂಥದ್ದನ್ನು ವಾಪಸ್ ಕೊಡಿ.

ತಟ್ಟೆಯನ್ನು ಮತ್ತೆ ಬಳೆಯೊಳಗೆ ಕೂರಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಸುತ್ತಲೂ ಕೂದಲೆಳೆಯಷ್ಟು ಬೆಳಕು ಕಂಡರೆ ಪರವಾಗಿಲ್ಲ. ಒಂದೇ ಕಡೆ ಎದ್ದು ಕಾಣುವ ಸಂದಿದ್ದರೆ ಬಳೆ ದುಂಡಗಿಲ್ಲ ಅಂತ ಅರ್ಥ, ಅಲ್ಲಿಂದಲೇ ಬೆಣ್ಣೆ ಸೋರುತ್ತದೆ. ಬಳೆಯ ಕೆಳಗೆ ಒಳಕ್ಕೆ ಮಡಚಿದ ತುಟಿ ಇರುತ್ತದೆ, ತಟ್ಟೆ ಕೂರುವುದು ಅದರ ಮೇಲೆ. ಅದು ಸುತ್ತಲೂ ಒಂದೇ ಅಗಲ ಇರಬೇಕು, ತೀರಾ ಸಣ್ಣದಾದರೆ ತಟ್ಟೆ ಒಂದು ಕಡೆ ಜಾರುತ್ತದೆ. ಒಮ್ಮೆ ನನಗೆ ಬಂದ ಒಂದು ಪಾರ್ಸಲ್‌ನಲ್ಲಿ ಈ ತುಟಿಯನ್ನು ಒಂದು ಕಡೆ ಸುತ್ತಿಗೆಯಿಂದ ಬಡಿದಂತೆ ಚಪ್ಪಟೆ ಮಾಡಿದ್ದರು, ಮೇಲಿನಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ಮಗುಚಿ ನೋಡಿ.

ನಿರಿಗೆಗಳ ಮೇಲೆ ಬೆರಳಾಡಿಸಿ, ಮೆಲ್ಲಗೆ. ಮೇಲಂಚು ಸ್ವಲ್ಪ ಚೂಪಾಗಿದ್ದರೆ ಒಳ್ಳೆಯದೇ, ಯಾಕೆಂದರೆ ಹಿಟ್ಟು ಕೂರಿಸಿದ ಮೇಲೆ ಲಟ್ಟಣಿಗೆಯನ್ನು ಮೇಲೆ ಉರುಳಿಸಿದರೆ ಹೆಚ್ಚಿನ ಹಿಟ್ಟು ಒಂದೇ ಏಟಿಗೆ ಕತ್ತರಿಸಿ ಬೀಳುತ್ತದೆ. ಆದರೆ ಕೈ ಕುಯ್ಯುವ ಹಾಗೆ ಗರಗಸದಂತಿದ್ದರೆ ಬೇಡ. ತುಂಬ ಆಳದ, ಇಕ್ಕಟ್ಟಾದ ನಿರಿಗೆಯಲ್ಲಿ ಹಿಟ್ಟು ಸಿಕ್ಕಿಕೊಳ್ಳುತ್ತದೆ. ಕಿರುಬೆರಳ ತುದಿ ಒಳಗೆ ಕೂರುವಷ್ಟು ಅಗಲ ಇದ್ದರೆ ತುಂಬಲೂ ಬಿಡಿಸಲೂ ಸುಲಭ.

ಲೋಹ ಯಾವುದು ಅಂತ ಅನುಮಾನ ಇದ್ದರೆ ಫ್ರಿಜ್ ಮೇಲಿನ ಅಯಸ್ಕಾಂತ ಹಿಡಿದು ನೋಡಿ. ಕಲಾಯಿ ಸ್ಟೀಲಿಗೂ ಕಾರ್ಬನ್ ಸ್ಟೀಲಿಗೂ ಅಂಟುತ್ತದೆ, ಅಲ್ಯೂಮಿನಿಯಂಗೆ ಅಂಟುವುದಿಲ್ಲ.

ಹೆಜ್ಜೆ 6: ಮೊದಲ ಸಲ ಬರೀ ಚಿಪ್ಪು ಮಾಡಿ ನೋಡಿ

ಹೂರಣ ಬೇಡ. ಪ್ಯಾನ್ ನಿಮ್ಮ ಓವನ್‌ನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ತಿಳಿಯಲು ಹಿಟ್ಟಿನ ಚಿಪ್ಪು ಮಾತ್ರ ಸಾಕು. 9 ಇಂಚಿಗೆ 180 ಗ್ರಾಂ ಮೈದಾ, 100 ಗ್ರಾಂ ತಣ್ಣನೆ ಬೆಣ್ಣೆ, 50 ಗ್ರಾಂ ಪುಡಿ ಸಕ್ಕರೆ, 2ರಿಂದ 3 ಚಮಚ ತಣ್ಣನೆ ಹಾಲು. ಮೊಟ್ಟೆ ಬೇಕಿಲ್ಲ. ಉಪ್ಪಿರುವ ಬೆಣ್ಣೆಯಾದರೆ ಬೇರೆ ಉಪ್ಪು ಹಾಕಬೇಡಿ. ಬೆಣ್ಣೆಯನ್ನು ಮೈದಾದಲ್ಲಿ ಬೆರಳತುದಿಯಿಂದ ಉಜ್ಜಿ, ಸಕ್ಕರೆ ಸೇರಿಸಿ, ಹಾಲು ಚಿಮುಕಿಸಿ ಒಂದುಗೂಡಿಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಎರಡು ಬಟರ್ ಪೇಪರ್ ನಡುವೆ 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ. 12 ಇಂಚು ಅಗಲ ಬೇಕು: ತಳಕ್ಕೆ 9, ಎರಡೂ ಗೋಡೆಗೆ 2, ಕತ್ತರಿಸಲು 1.

ಹಿಟ್ಟನ್ನು ಎಳೆದು ಕೂರಿಸಬೇಡಿ, ಎಳೆದದ್ದು ಓವನ್‌ನಲ್ಲಿ ಮತ್ತೆ ಕುಗ್ಗುತ್ತದೆ. ಸಡಿಲವಾಗಿ ಬಿಟ್ಟು, ಮೂಲೆಗೆ ನೂಕಿ, ನಿರಿಗೆಗಳಿಗೆ ಒಂದೊಂದಾಗಿ ಒತ್ತಿ. ಫೋರ್ಕ್‌ನಿಂದ ತಳಕ್ಕೆ ಚುಚ್ಚಿ, ಮತ್ತೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಏಪ್ರಿಲ್, ಮೇ ತಿಂಗಳಲ್ಲಾದರೆ ಫ್ರೀಜರ್‌ನಲ್ಲಿ 15 ನಿಮಿಷ.

ಓವನ್ ಪ್ರೀಹೀಟ್ ಮಾಡುವಾಗಲೇ ಖಾಲಿ ಟ್ರೇಯನ್ನು ಒಳಗಿಟ್ಟಿರಿ, ಪ್ಯಾನನ್ನು ಆ ಬಿಸಿ ಟ್ರೇ ಮೇಲೆ ಇಡಬೇಕು. ತಳಕ್ಕೆ ತಕ್ಷಣ ಶಾಖ ತಗಲುತ್ತದೆ, ಸೋರಿದ ಬೆಣ್ಣೆಯೂ ರಾಡ್ ಮೇಲೆ ಬೀಳುವುದಿಲ್ಲ. ಹಿಟ್ಟಿನ ಮೇಲೆ ಬಟರ್ ಪೇಪರ್ ಹಾಸಿ ಹಳೆಯ ಕಡಲೆಕಾಳೋ ರಾಜ್ಮಾವೋ ಅಂಚಿನವರೆಗೆ ತುಂಬಿ, 180 ಡಿಗ್ರಿಯಲ್ಲಿ 15 ನಿಮಿಷ. ಕಾಳು ತೆಗೆದು ಇನ್ನೊಂದು 10ರಿಂದ 12 ನಿಮಿಷ. ಆ ಕಾಳನ್ನು ಆಮೇಲೆ ಹುಳಿಗೆ ಹಾಕಲು ಆಗುವುದಿಲ್ಲ, ಡಬ್ಬಿಯಲ್ಲಿಟ್ಟುಕೊಂಡು ಮುಂದಿನ ಸಲಕ್ಕೂ ಇದಕ್ಕೇ ಬಳಸಿ.

ಹೊರಗೆ ತೆಗೆಯುವಾಗ ತಳದ ನಡುವೆ ಕೈಕೊಟ್ಟು ಎತ್ತಬೇಡಿ, ಬಳೆ ಜಾರಿ ತೋಳಿಗೆ ಬಂದು ಸುಡುತ್ತದೆ. ಟ್ರೇ ಸಮೇತ ಎತ್ತಿ. ಚೆನ್ನಾಗಿ ಆರಿದ ಮೇಲೆ ಒಂದು ಸಣ್ಣ ಡಬ್ಬಿಯನ್ನು ಬೋರಲು ಹಾಕಿ ಪ್ಯಾನನ್ನು ಅದರ ಮೇಲೆ ಕೂರಿಸಿ, ಬಳೆಯನ್ನು ಎರಡೂ ಕೈಯಿಂದ ಕೆಳಕ್ಕೆ ಬಿಡಿ. ಅದು ತಾನಾಗಿ ಕೆಳಗಿಳಿದರೆ ಪ್ಯಾನ್ ಒಳ್ಳೆಯದು ಅಂತ ಲೆಕ್ಕ. ಈಗ ಚಿಪ್ಪಿನ ಬಣ್ಣ ನೋಡಿ. ಒಂದು ಬದಿ ಮಾತ್ರ ಕಂದಿದ್ದರೆ ಇನ್ನು ಮುಂದೆ ಅರ್ಧ ಹೊತ್ತಿಗೆ ಪ್ಯಾನ್ ತಿರುಗಿಸಿಡಿ. ತಳ ಬೆಳ್ಳಗಿದ್ದರೆ ಒಂದು ಹಂತ ಕೆಳಗಿಡಿ. ಅಂಚು ಮೊದಲೇ ಕಪ್ಪಾದರೆ ಅಂಚಿಗೆ ಮಾತ್ರ ಫಾಯಿಲ್ ಮುಚ್ಚಿ. ಈ ಚಿಪ್ಪು ವ್ಯರ್ಥ ಆಗುವುದಿಲ್ಲ. ಕರಗಿಸಿದ ಚಾಕೊಲೇಟ್‌ಗೆ ಬಿಸಿ ಕ್ರೀಮ್ ಸೇರಿಸಿ ಸುರಿದರೆ ಆಯಿತು, ಬೇಸಿಗೆಯಾದರೆ ಗಟ್ಟಿ ಕಸ್ಟರ್ಡ್ ಮೇಲೆ ಬಾದಾಮಿ ಮಾವಿನಹಣ್ಣಿನ ಹೋಳು ಜೋಡಿಸಿ.

ಪ್ಯಾನ್ ಬರುವ ತನಕ

ತಡೆಯಲು ಆಗುತ್ತಿಲ್ಲ ಅಂದರೆ ಬಿಚ್ಚುವ ತಳದ ಕೇಕ್ ಟಿನ್‌ನಲ್ಲಿ ಹಿಟ್ಟನ್ನು 1 ಇಂಚು ಎತ್ತರಕ್ಕೆ ಮಾತ್ರ ಏರಿಸಿ ಮಾಡಬಹುದು. ತಳ ಬಿಚ್ಚದ ಟಿನ್ ಆದರೆ ಎರಡು ಉದ್ದ ಬಟರ್ ಪೇಪರ್ ಪಟ್ಟಿಗಳನ್ನು ಅಡ್ಡಡ್ಡ ಹಾಕಿ, ತುದಿಗಳನ್ನು ಹೊರಗೆ ಬಿಡಿ, ಎತ್ತಲು ಹಿಡಿಯಾಗುತ್ತದೆ. ಮಿನಿ ಟಾರ್ಟ್‌ಗೆ ಮಫಿನ್ ಟ್ರೇ ಸಾಕು.

ತೊಳೆಯುವುದು, ಇಡುವುದು

ಬಿಸಿ ನೀರು, ಮೆತ್ತನೆ ಸ್ಪಂಜು, ಸ್ವಲ್ಪ ಸೋಪು. ಸ್ಟೀಲ್ ನಾರು ಬೇಡ, ಪಾತ್ರೆ ತೊಳೆಯಲು ಬರುವವರಿಗೂ ಮೊದಲೇ ಹೇಳಿಡಿ, ಇಲ್ಲವೇ ಇದೊಂದನ್ನು ನೀವೇ ತೊಳೆದುಕೊಳ್ಳಿ. ನಿರಿಗೆಯಲ್ಲಿ ಸಿಕ್ಕಿದ್ದನ್ನು ಹಳೆಯ ಟೂತ್‌ಬ್ರಷ್‌ನಿಂದ ತೆಗೆಯಿರಿ. ಡಿಶ್‌ವಾಷರ್‌ಗೆ ಹಾಕಬೇಡಿ, ಅದರ ಪುಡಿಗೆ ಅಲ್ಯೂಮಿನಿಯಂ ಕಪ್ಪಾಗುತ್ತದೆ, ಕಲಾಯಿಗೂ ಒಳ್ಳೆಯದಲ್ಲ. ತೊಳೆದ ಕೂಡಲೇ ಬಟ್ಟೆಯಲ್ಲಿ ಒರೆಸಿ, ಆರುತ್ತಿರುವ ಓವನ್‌ನೊಳಗೆ ಹತ್ತು ನಿಮಿಷ ಇಟ್ಟರೆ ಮಡಿಕೆಗಳೂ ಒಣಗುತ್ತವೆ. ಬಳೆಯ ಮೇಲೆ ಭಾರದ ಪಾತ್ರೆ ಪೇರಿಸಬೇಡಿ. ಒಮ್ಮೆ ಬಳೆ ಸೊಟ್ಟಗಾದರೆ ತಟ್ಟೆ ಮತ್ತೆ ಸರಿಯಾಗಿ ಕೂರುವುದಿಲ್ಲ.

ಕಲಾಯಿ ಪ್ಯಾನ್ ಬಳಸುತ್ತ ಬಳಸುತ್ತ ಬಣ್ಣ ಕಂದುತ್ತದೆ. ಹಾಳಾಯಿತು ಅಂತ ಉಜ್ಜಿ ಹೊಳಪು ತರಲು ಹೋಗಬೇಡಿ, ಅದು ತುಕ್ಕಲ್ಲ. ಕಂದಿದ ಪ್ಯಾನ್ ಹೊಸದಕ್ಕಿಂತ ಬೇಗ ಬಿಸಿಯಾಗುತ್ತದೆ, ಹಾಗಾಗಿ ಮೊದಲು ಇಡುತ್ತಿದ್ದ ಹೊತ್ತಿಗಿಂತ ಐದು ನಿಮಿಷ ಮುಂಚೆಯೇ ಬಾಗಿಲ ಗಾಜಿನಿಂದ ಬಣ್ಣ ನೋಡಲು ಶುರು ಮಾಡಿ.